ಬೀಳು ಭೂಮಿ ಉತ್ತರೆ ಮೊದಲ ವರ್ಷ ಬೆಳೆ ಯಾಕೆ ಚೆನ್ನಾಗಿ ಬರುತ್ತೆ? ಆಮೇಲೆ ಯಾಕೆ ಬರಲ್ಲ?



ಹೋದ ಸಲ ನಾನು ಎರೆಹುಳುವಿನ ಚಿತ್ರ ಬರೆದಿದ್ದೆ. ಈ ಸಲ ಮಣ್ಣಿನ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ಬರೆಯಲು ಒಂದು ಕಾರಣ ಇದೆ. ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಮಣ್ಣಿನ ವಿಚಾರವಾಗಿಯೇ ಮಾತುಕತೆ ನಡೆಯುತ್ತಿದೆ.

ನಮಗೆ ಕೆರೆ ಕೆಳಗೆ ಏನೂ ಇಲ್ಲ. ಎರಡು ಎಕರೆ ಕೆಂಪು ಮಣ್ಣಿನ ಹೊಲ ಇದೆ. ಅದರ ಮೇಲ್ಗಡೆ ಇಳಿಜಾರಿನಲ್ಲಿ ಒಂದು ಎಕರೆ ಬೀಳು ಇದೆ. ನಾನು ಹುಟ್ಟುವುದಕ್ಕೂ ಮೊದಲಿಂದ ಅದನ್ನು ಉತ್ತಿಲ್ಲ. ಅಲ್ಲಿ ಹುಲ್ಲು, ನಾಲ್ಕು ಹೊಂಗೆ ಮರ, ಒಂದಷ್ಟು ತಂಗಡಿ ಗಿಡ ಬೆಳೆದಿವೆ. ನಮ್ಮ ಎರಡು ಹಸು ಅಲ್ಲೇ ಮೇಯುವುದು.

ಈ ವರ್ಷ ಯುಗಾದಿ ದಿನ ಹೊನ್ನಾರು ಕಟ್ಟಿ ಬಂದ ಮೇಲೆ ಚಿಕ್ಕಪ್ಪ, "ಭರಣಿ ಮಳೆ ಬಿದ್ದ ತಕ್ಷಣ ಮೇಲಿನ ಬೀಳಿಗೆ ಟ್ರ್ಯಾಕ್ಟರ್ ಬಿಡಿಸಿಬಿಡ್ತೀನಿ. ಹುಲ್ಲು ಬೆಳೆದ್ರೆ ಹೊಟ್ಟೆ ತುಂಬ್ತದಾ?" ಅಂದರು. ಅದಕ್ಕೆ ತಾತ, "ಬ್ಯಾಡ ಕಣೋ. ಎರಡು ವರ್ಷ ಕೊಡ್ತದೆ, ಆಮ್ಯಾಕೆ ಕೈ ಎತ್ತಿಬಿಡ್ತದೆ" ಅಂದರು. ಚಿಕ್ಕಪ್ಪನ ಮೇಲೆ ಸೊಸೈಟಿ ಸಾಲ ಇದೆ. ಅವರು ಹೇಳುವುದೂ ಸುಳ್ಳಲ್ಲ. ತಾತ ಹೇಳುವುದೂ ಸುಳ್ಳಲ್ಲ. ಬೀಳು ಭೂಮಿ ಉತ್ತರೆ ಮೊದಲು ಬೆಳೆ ಚೆನ್ನಾಗಿ ಬರುತ್ತೆ, ಆಮೇಲೆ ಕಡಿಮೆಯಾಗುತ್ತೆ. ಅದು ಯಾಕೆ ಹಾಗೆ ಅಂತ ನಾನು ನಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ನಾನೇ ಮಾಡಿ ನೋಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಮಣ್ಣಿನೊಳಗೆ ಇಂಗಾಲ ಎಲ್ಲಿಂದ ಬಂತು?

ಇಂಗಾಲ ಅಂದರೆ ಇದ್ದಿಲು ನೆನಪಿಗೆ ಬರುತ್ತೆ. ಆದರೆ ಮಣ್ಣಿನ ಇಂಗಾಲ ಇದ್ದಿಲಿನ ಹಾಗೆ ತುಂಡು ತುಂಡಾಗಿ ಕಾಣುವುದಿಲ್ಲ. ಗಿಡ ತನ್ನ ಎಲೆಯಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು ಬಿಸಿಲಿನ ಸಹಾಯದಿಂದ ಆಹಾರ ಮಾಡಿಕೊಳ್ಳುತ್ತೆ. ಇದು ನಮಗೆಲ್ಲ ಪಾಠದಲ್ಲಿ ಬಂದಿದೆ. ಚೆನ್ನಾಗಿ ಒಣಗಿಸಿದ ಗಿಡದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇಂಗಾಲವೇ ಇರುತ್ತೆ.

ಎಲೆ ಉದುರುತ್ತೆ, ಬೇರು ಸಾಯುತ್ತೆ, ಸಗಣಿ ಬೀಳುತ್ತೆ. ಅದನ್ನೆಲ್ಲ ಗೆದ್ದಲು, ಎರೆಹುಳು, ಬೂಷ್ಟು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ತಿನ್ನುತ್ತವೆ. ತಿಂದು ಉಸಿರು ಬಿಟ್ಟಾಗ ಹೆಚ್ಚಿನ ಪಾಲು ಇಂಗಾಲ ಮತ್ತೆ ಗಾಳಿಗೆ ಹೋಗುತ್ತೆ. ಉಳಿದ ಸ್ವಲ್ಪ ಭಾಗ ಕಪ್ಪಗಾಗಿ, ಕಳಿತು, ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೂರುತ್ತೆ. ಗುಂಡುತೋಪಿನ ಮಣ್ಣು ಕಪ್ಪಗಿರುವುದು ಇದರಿಂದಲೇ.

ಇಡೀ ಭೂಮಿಯ ಮೇಲಿನ ಒಂದು ಮೀಟರ್ ಆಳದ ಮಣ್ಣಿನಲ್ಲಿ ಸುಮಾರು 1500 ಶತಕೋಟಿ ಟನ್ ಇಂಗಾಲ ಇದೆಯಂತೆ. ಅಂದರೆ ಗಾಳಿಯಲ್ಲಿ ಇರುವುದಕ್ಕಿಂತಲೂ ಹೆಚ್ಚು. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು.

ಸಾರಜನಕದ ಕಥೆ

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ರಾಗಿ ಗಿಡ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ನೀರಿನ ಮಧ್ಯೆ ನಿಂತು ಬಾಯಾರಿದ ಹಾಗೆ. ಅದಕ್ಕೆ ಸಾರಜನಕ ಬೇರಿನಿಂದಲೇ ಹೋಗಬೇಕು.

ಅವರೆ, ತೊಗರಿ, ಅಲಸಂದೆ, ಕಡಲೆಕಾಯಿ ಇಂಥ ದ್ವಿದಳ ಗಿಡಗಳ ಬೇರನ್ನು ಕಿತ್ತು ನೋಡಿ. ಸಣ್ಣ ಸಣ್ಣ ಗಂಟು ಇರುತ್ತವೆ. ಅದು ರೋಗ ಅಲ್ಲ. ಅದರೊಳಗಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಇದ್ದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಹಿಂದಿನವರು ರಾಗಿ ಹೊಲದಲ್ಲಿ ಅವರೆ, ತೊಗರಿ ಅಕ್ಕಡಿ ಸಾಲು ಹಾಕುತ್ತಿದ್ದರಲ್ಲ, ಅದರಲ್ಲಿ ಈ ಲಾಭವೂ ಇತ್ತು.

ಮಣ್ಣಿನಲ್ಲಿರುವ ಸಾರಜನಕದ ಬಹುಪಾಲು ಆ ಕಪ್ಪು ಕಳಿತ ವಸ್ತುವಿನೊಳಗೇ ಇಂಗಾಲದ ಜೊತೆ ಇರುತ್ತೆ. ಸಾಮಾನ್ಯವಾಗಿ 10ರಿಂದ 12 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ. ಮುದ್ದೆ ಮತ್ತು ಸಾರು ಇದ್ದ ಹಾಗೆ ಅಂದುಕೊಳ್ಳಿ. ಇಂಗಾಲ ಮುದ್ದೆ, ಸಾರಜನಕ ಸಾರು. ಬರೀ ಮುದ್ದೆ ನುಂಗಲಾಗದು. ಹಾಗೆಯೇ ಸೂಕ್ಷ್ಮಜೀವಿಗಳಿಗೂ ಎರಡೂ ಬೇಕು. ಹಸಿ ರಾಗಿ ಕೂಳೆಯನ್ನು ಬಿತ್ತನೆ ಮುಂಚೆ ಮಣ್ಣಿಗೆ ಸೇರಿಸಿದರೆ ಕೆಲವು ಸಲ ಪೈರು ಹಳದಿಯಾಗುತ್ತೆ. ಯಾಕೆಂದರೆ ಕೂಳೆಯಲ್ಲಿ ಮುದ್ದೆ ಜಾಸ್ತಿ, ಸಾರು ಕಡಿಮೆ. ಸೂಕ್ಷ್ಮಜೀವಿಗಳು ಪೈರಿನ ಪಾಲಿನ ಸಾರನ್ನೂ ತಾವೇ ಬಡಿಸಿಕೊಂಡು ಬಿಡುತ್ತವೆ.

ಇದರಿಂದ ಒಂದು ವಿಷಯ ತಿಳಿಯುತ್ತೆ. ಮಣ್ಣಿನಿಂದ ಇಂಗಾಲ ಹೋದರೆ ಸಾರಜನಕವೂ ಅದರ ಹಿಂದೆಯೇ ಹೋಗುತ್ತೆ.

ನೇಗಿಲು ಏನು ಮಾಡುತ್ತೆ?

ಒಲೆ ಉರಿಯದಿದ್ದರೆ ಅವ್ವ ಏನು ಮಾಡುತ್ತಾರೆ? ಸೌದೆಯನ್ನು ಕೆದಕಿ ಊದುಗೊಳವೆಯಿಂದ ಊದುತ್ತಾರೆ. ಗಾಳಿ ಸಿಕ್ಕ ತಕ್ಷಣ ಉರಿಯುತ್ತೆ. ಉಳುಮೆಯೂ ಹಾಗೆಯೇ.

ಮಣ್ಣಿನ ಪುಟ್ಟ ಪುಟ್ಟ ಹೆಂಟೆಗಳ ಒಳಗೆ ಇಂಗಾಲ ಅಡಗಿಕೊಂಡಿರುತ್ತೆ. ಬೇರು ಮತ್ತು ಬೂಷ್ಟು ಬಿಡುವ ಅಂಟಿನಿಂದ ಆ ಹೆಂಟೆಗಳು ಗಟ್ಟಿಯಾಗಿರುತ್ತವೆ. ಸೂಕ್ಷ್ಮಜೀವಿಗಳು ಒಳಗೆ ನುಗ್ಗುವುದು ಕಷ್ಟ. ನೇಗಿಲು, ಕಲ್ಟಿವೇಟರ್, ರೋಟವೇಟರ್ ಹೊಡೆದಾಗ ಹೆಂಟೆ ಒಡೆಯುತ್ತೆ. ಒಳಗೆ ಗಾಳಿ ಹೋಗುತ್ತೆ. ಸೂಕ್ಷ್ಮಜೀವಿಗಳಿಗೆ ಹಬ್ಬ. ಅಡಗಿದ್ದ ಆಹಾರವನ್ನೆಲ್ಲ ತಿನ್ನುತ್ತವೆ. ಇಂಗಾಲ ಗಾಳಿಗೆ ಹೋಗುತ್ತೆ. ಅದರ ಜೊತೆ ಇದ್ದ ಸಾರಜನಕ ಬಿಡುಗಡೆಯಾಗಿ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಆಗುತ್ತೆ. ಅದನ್ನು ಪೈರು ಹೀರಿಕೊಂಡು ಕಪ್ಪು ಹಸಿರಾಗಿ ಬೆಳೆಯುತ್ತೆ.

ಬೀಳು ಭೂಮಿ ಮೊದಲ ವರ್ಷ ಚೆನ್ನಾಗಿ ಕೊಡುವುದು ಇದಕ್ಕೇ! ಇಪ್ಪತ್ತು ವರ್ಷ ಹುಲ್ಲು ಮತ್ತು ಮರ ಕೂಡಿಟ್ಟದ್ದು ಒಟ್ಟಿಗೆ ಹೊರಗೆ ಬರುತ್ತೆ. ಅದು ಬಡ್ಡಿ ಅಲ್ಲ, ಅಸಲು. ಅಸಲನ್ನೇ ಖರ್ಚು ಮಾಡಿದರೆ ಎಷ್ಟು ದಿನ ಬರುತ್ತೆ? ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ಗಾದೆಯೇ ಇದೆ.

ಇನ್ನೂ ಮೂರು ನಷ್ಟಗಳಿವೆ.

1) ಪೈರು ಹೀರದೆ ಉಳಿದ ನೈಟ್ರೇಟ್ ನೀರಿನಲ್ಲಿ ಕರಗಿ ಬೇರಿಗೆ ಸಿಗದಷ್ಟು ಕೆಳಗೆ ಇಳಿದುಹೋಗುತ್ತೆ. ಸ್ವಲ್ಪ ಭಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗುತ್ತೆ. ಅದು ಒಂದು ಕೆ.ಜಿ. ಇದ್ದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿ ಮಾಡುತ್ತೆ.

2) ಹುಲ್ಲಿನ ಹೊದಿಕೆ ಹೋದ ಮೇಲೆ ಮಳೆ ಹನಿ ನೇರ ಮಣ್ಣಿಗೆ ಬಡಿಯುತ್ತೆ. ಕೊಚ್ಚಿಹೋಗುವುದು ಮೇಲಿನ ಮಣ್ಣು. ಇಂಗಾಲ ಹೆಚ್ಚಿಗೆ ಇರುವುದೂ ಅದರಲ್ಲೇ.

3) ಹೊಲದಲ್ಲಿ ಬೆಳೆದದ್ದನ್ನು ತೆನೆ ಮನೆಗೆ, ಹುಲ್ಲು ಮೆದೆಗೆ ಅಂತ ತಂದುಬಿಡುತ್ತೇವೆ. ವಾಪಸ್ಸು ಹೋಗುವುದು ಬೇರು ಮತ್ತು ಕೂಳೆ ಮಾತ್ರ. ತಿಪ್ಪೆ ಗೊಬ್ಬರವನ್ನೂ ಹೊಡೆಯದಿದ್ದರೆ ಮಣ್ಣಿಗೆ ಊಟವೇ ಇಲ್ಲ.

ನಾನು ಮಾಡಿದ ಪ್ರಯೋಗ

ಇದನ್ನು ಯಾರು ಬೇಕಾದರೂ ಮಾಡಬಹುದು. ಖರ್ಚಿಲ್ಲ.

ಬೇಕಾದ ಸಾಮಾನು: ಮೂರು ಗಾಜಿನ ಲೋಟ, ನೀರು, ಟೀ ಸೋಸುವ ಜಾಲರಿ ಮೂರು (ಇಲ್ಲದಿದ್ದರೆ ಸೊಳ್ಳೆ ಪರದೆಯ ತುಂಡು).

ನಮ್ಮ ರಾಗಿ ಹೊಲದಿಂದ, ಬೀಳಿನಿಂದ, ಊರ ಗುಂಡುತೋಪಿನಿಂದ ನಿಂಬೆಹಣ್ಣಿನ ಗಾತ್ರದ ಒಂದೊಂದು ಹೆಂಟೆ ತಂದೆ. ನೆರಳಿನಲ್ಲಿ ಮೂರು ದಿನ ಒಣಗಿಸಿದೆ. ಹೆಂಟೆ ಚೆನ್ನಾಗಿ ಒಣಗಿರಬೇಕು. ಆಮೇಲೆ ಜಾಲರಿಯ ಮೇಲಿಟ್ಟು ಮೂರನ್ನೂ ಒಂದೇ ಸಲ ನೀರಿಗೆ ಇಳಿಸಿದೆ. ಪಕ್ಕದಲ್ಲಿ ಚಿತ್ರ ಬರೆದಿದ್ದೇನೆ ನೋಡಿ.

ಹೊಲದ ಹೆಂಟೆ: ಎರಡು ನಿಮಿಷಕ್ಕೆ ಪುಡಿಪುಡಿಯಾಗಿ ಕೆಳಗೆ ಬಿತ್ತು. ನೀರು ಕೆಂಪಗೆ ರಾಡಿ.
ಬೀಳಿನ ಹೆಂಟೆ: ಹತ್ತು ನಿಮಿಷ ಆದರೂ ಅಂಚು ಮಾತ್ರ ಉದುರಿತ್ತು.
ಗುಂಡುತೋಪಿನ ಹೆಂಟೆ: ಹಾಗೇ ಇತ್ತು. ನೀರು ತಿಳಿಯಾಗಿತ್ತು.

ಬೀಳು ಮತ್ತು ಹೊಲ ಒಂದೇ ಬದುವಿನ ಆಚೆ ಈಚೆ. ಒಂದೇ ಕೆಂಪು ಮಣ್ಣು. ಆದರೂ ಇಷ್ಟು ವ್ಯತ್ಯಾಸ. ಅಂಟು ಇರುವ ಮಣ್ಣು ಮಳೆಯಲ್ಲಿ ನಿಲ್ಲುತ್ತೆ, ನೀರನ್ನು ಒಳಗೆ ಬಿಟ್ಟುಕೊಳ್ಳುತ್ತೆ. ಅಂಟು ಇಲ್ಲದ್ದು ಕರಗಿ, ಮೇಲೆ ಹೆಪ್ಪುಗಟ್ಟಿ, ನೀರನ್ನು ಹಳ್ಳಕ್ಕೆ ಓಡಿಸುತ್ತೆ. ಈ ಪ್ರಯೋಗ ಮಾಡುವಾಗ ಚಿಕ್ಕಪ್ಪನೂ ಬಂದು ನೋಡಿದರು. ಆಗ ಏನೂ ಮಾತಾಡಲಿಲ್ಲ.

ಮಣ್ಣಿನ ಕಾರ್ಡು ಮತ್ತು ಒಂದು ಲೆಕ್ಕ

2015ರಲ್ಲಿ ಸರ್ಕಾರದವರು ಮಣ್ಣು ಆರೋಗ್ಯ ಕಾರ್ಡು ಕೊಡುವ ಯೋಜನೆ ಶುರು ಮಾಡಿದರು. ತುಂಬಾ ಮನೆಗಳಲ್ಲಿ ಇದು ಟ್ರಂಕಿನಲ್ಲಿ ಪಹಣಿ ಜೊತೆ ಮಡಿಸಿ ಇಟ್ಟಿರುತ್ತಾರೆ. ತೆಗೆದು ಓದಿ. ಅದರಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತೆ. ಅದು ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕಿಂತ ಮೇಲಿದ್ದರೆ ಹೆಚ್ಚು ಅಂತ ಲೆಕ್ಕ.

ನಮ್ಮ ಹೊಲದ ಕಾರ್ಡಿನಲ್ಲಿ 0.4 ಇತ್ತು. ಬೀಳಿನ ಮಣ್ಣನ್ನು ಮೇಷ್ಟ್ರು ಹೇಳಿಕೊಟ್ಟ ಹಾಗೆ ಹತ್ತು ಕಡೆ ಅರ್ಧ ಅಡಿ ಆಳ ಅಗೆದು, ಬೆರೆಸಿ, ಅರ್ಧ ಕೆ.ಜಿ. ಮಾಡಿ ಅಪ್ಪ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬಂದರು. ಪರೀಕ್ಷೆ ಆಗಿ 0.7 ಅಂತ ಬಂತು.

0.4ಕ್ಕೂ 0.7ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಲೆಕ್ಕ ಮಾಡೋಣ. ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣು ತೂಗಿದರೆ ಅಂದಾಜು 900 ಟನ್ ಆಗುತ್ತೆ.

ಹೊಲ: 900 ಟನ್‌ಗೆ ನೂರಕ್ಕೆ 0.4 ಅಂದರೆ 3.6 ಟನ್ ಇಂಗಾಲ.
ಬೀಳು: 900 ಟನ್‌ಗೆ ನೂರಕ್ಕೆ 0.7 ಅಂದರೆ 6.3 ಟನ್ ಇಂಗಾಲ.
ವ್ಯತ್ಯಾಸ: 2.7 ಟನ್.

ಹತ್ತು ಪಾಲಿಗೆ ಒಂದು ಪಾಲು ಸಾರಜನಕ ಅಂದುಕೊಂಡರೆ ಬೀಳಿನಲ್ಲಿ 270 ಕೆ.ಜಿ. ಸಾರಜನಕ ಹೆಚ್ಚಿಗೆ ಇದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. 45 ಕೆ.ಜಿ. ಮೂಟೆಯಲ್ಲಿ 20.7 ಕೆ.ಜಿ. ಬಂತು. ಅಂದರೆ ಸುಮಾರು 13 ಮೂಟೆ ಯೂರಿಯಾದಷ್ಟು!

ಇದನ್ನು ಓದಿ ಹೇಳಿದಾಗ ಚಿಕ್ಕಪ್ಪ ನಕ್ಕು, "ಹಂಗಾದ್ರೆ ಹದಿಮೂರು ಮೂಟೆ ಯೂರಿಯಾ ತಂದು ಹಾಕಿದ್ರೆ ಆಯ್ತಲ್ಲಮ್ಮ" ಅಂದರು. ನನಗೆ ಉತ್ತರ ಗೊತ್ತಾಗಲಿಲ್ಲ. ಮಾರನೇ ದಿನ ಮೇಷ್ಟ್ರನ್ನು ಕೇಳಿಕೊಂಡು ಬಂದು ಹೇಳಿದೆ. ಯೂರಿಯಾ ಸಾರಜನಕ ಕೊಡುತ್ತೆ, ಆದರೆ ಹೆಂಟೆ ಹಿಡಿದಿಡುವ ಅಂಟು ಕೊಡಲ್ಲ, ನೀರು ಹಿಡಿದಿಡಲ್ಲ. ಅದನ್ನು ಹಾಕಿದ ಮೇಲೆ ಒಂದಷ್ಟು ಗಾಳಿಗೆ, ಒಂದಷ್ಟು ನೀರಿಗೆ ಹೋಗುತ್ತೆ. ಮಣ್ಣಿನೊಳಗಿನ ಸಾರಜನಕ ಹಾಗಲ್ಲ, ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ ಒಂದರಿಂದ ಮೂರು ಪಾಲು ನಿಧಾನವಾಗಿ ಬಿಡುಗಡೆಯಾಗುತ್ತೆ. ಅದೇ ಬಡ್ಡಿ. 2.7 ಟನ್ ಇಂಗಾಲವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ತಿಪ್ಪೆ ಗೊಬ್ಬರ ಹೊಡೆದರೂ ಅದರ ಇಂಗಾಲದಲ್ಲಿ ಬಹುಪಾಲು ಉಸಿರಾಗಿ ಹೋಗಿ ಸ್ವಲ್ಪವೇ ನಿಲ್ಲುತ್ತೆ. ಆದ್ದರಿಂದ ವರ್ಷ ವರ್ಷವೂ ಹಾಕುತ್ತಲೇ ಇರಬೇಕು.

ಇದು ಬೇರೆ ಕಡೆಯೂ ಹೀಗೇನಾ?

ಒಂದು ಹೊಲವನ್ನು ನೋಡಿ ಹೇಳಿದರೆ ಸಾಲದು, ತುಂಬಾ ವರ್ಷ ಅಳೆಯಬೇಕು ಅಂತ ಮೇಷ್ಟ್ರು ಹೇಳಿದರು. ಹಾಗೆ ಅಳೆದ ಕೆಲವು ಕಡೆಯ ವಿಷಯ ಹೀಗಿದೆ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಬ್ರಾಡ್‌ಬಾಕ್ ಅಂತ ಒಂದು ಹೊಲ ಇದೆ. ಲಾಸ್ ಮತ್ತು ಗಿಲ್ಬರ್ಟ್ ಎಂಬುವವರು 1843ರಲ್ಲಿ ಅಲ್ಲಿ ಗೋಧಿ ಹಾಕಿ ಪ್ರಯೋಗ ಶುರು ಮಾಡಿದರು. ಅದು ಈಗಲೂ ನಡೆಯುತ್ತಿದೆ. ಒಂದು ಪಟ್ಟಿಗೆ ಅಂದಿನಿಂದ ಏನೂ ಗೊಬ್ಬರ ಹಾಕಿಲ್ಲ. ಇನ್ನೊಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಗೊಬ್ಬರದ ಪಟ್ಟಿಯಲ್ಲಿ ಇಂಗಾಲ ಈಗ ದುಪ್ಪಟ್ಟಿಗಿಂತ ಹೆಚ್ಚಾಗಿದೆ. 1882ರಲ್ಲಿ ಹೊಲದ ಒಂದು ತುದಿಯಲ್ಲಿ ಗೋಧಿಯನ್ನು ಕೊಯ್ಯದೆ ಹಾಗೇ ಬಿಟ್ಟುಬಿಟ್ಟರು. ಕೆಲವೇ ವರ್ಷಕ್ಕೆ ಗೋಧಿ ಮಾಯವಾಗಿ ಕಳೆ ಬಂತು, ಆಮೇಲೆ ಮರಗಳು ಬಂದವು, ಈಗ ಕಾಡಾಗಿದೆ. ಅಲ್ಲಿಯೂ ಇಂಗಾಲ, ಸಾರಜನಕ ಎರಡೂ ಏರಿವೆ. ಆದರೆ ಅದಕ್ಕೆ ಹಿಡಿದದ್ದು ನೂರಕ್ಕೂ ಹೆಚ್ಚು ವರ್ಷ!

ಅಮೆರಿಕಾದಲ್ಲಿ ಬಯಲು ಹುಲ್ಲುಗಾವಲನ್ನು ಉತ್ತು ಗೋಧಿ ಹಾಕಿದರು. ಮೊದಮೊದಲು ಬೆಳೆ ತುಂಬಾ ಬಂತು. 1930ರ ದಶಕದಲ್ಲಿ ಬರ ಬಂದಾಗ ಅಂಟಿಲ್ಲದ ಮಣ್ಣು ಧೂಳಾಗಿ ಎದ್ದಿತು. 1935ರ ಏಪ್ರಿಲ್ 14ರಂದು ಎಂಥ ಧೂಳಿನ ಬಿರುಗಾಳಿ ಎದ್ದಿತೆಂದರೆ ಹಗಲೇ ಕತ್ತಲಾಯಿತು. ಅದೇ ವರ್ಷ ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಗೆ ಒಂದು ಇಲಾಖೆಯನ್ನೇ ಮಾಡಿತು.

2002ರಲ್ಲಿ ಗುವೊ ಮತ್ತು ಗಿಫರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಹಲವು ದೇಶಗಳ ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆದರು. ಹುಲ್ಲುಗಾವಲನ್ನು ಉತ್ತು ಬೆಳೆ ಹಾಕಿದ ಕಡೆ ಇಂಗಾಲ ನೂರಕ್ಕೆ 59 ಕಡಿಮೆಯಾಗಿತ್ತು. ಕಾಡು ಕಡಿದು ಬೆಳೆ ಹಾಕಿದ ಕಡೆ 42 ಕಡಿಮೆ. ಬೆಳೆ ಹೊಲವನ್ನು ಮತ್ತೆ ಹುಲ್ಲಿಗೆ ಬಿಟ್ಟ ಕಡೆ ಬರೀ 19 ಹೆಚ್ಚಾಗಿತ್ತು. ಇದರಿಂದ ನನಗೆ ಅನ್ನಿಸಿದ್ದು, ಕಳೆಯುವುದು ಸುಲಭ, ಗಳಿಸುವುದು ಕಷ್ಟ.

ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ.ಯಲ್ಲೂ 1978ರಿಂದ ಕೆಂಪು ಮಣ್ಣಿನಲ್ಲಿ ಮಳೆ ಆಶ್ರಯದ ರಾಗಿ ಹಾಕಿ ನೋಡಿದ್ದಾರೆ. ಏನೂ ಹಾಕದ ತಾಕಿನಲ್ಲಿ ಇಂಗಾಲವೂ ಇಳಿಯಿತು, ರಾಗಿಯೂ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮತ್ತು ಅದರ ಜೊತೆ ಶಿಫಾರಸು ಮಾಡಿದಷ್ಟು ರಸಗೊಬ್ಬರ ಕೊಟ್ಟ ತಾಕಿನಲ್ಲಿ ಇಳುವರಿ ಎಲ್ಲಕ್ಕಿಂತ ಚೆನ್ನಾಗಿ ಬಂತು. ಇದು ನಮ್ಮಂಥದ್ದೇ ಮಣ್ಣು, ನಮ್ಮದೇ ಬೆಳೆ. ಆದ್ದರಿಂದ ಇದನ್ನು ನಾವು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಚಳಿ, ಅಲ್ಲಿ ಕೊಳೆಯುವುದು ನಿಧಾನ. ನಮ್ಮಲ್ಲಿ ಬಿಸಿಲು ಜಾಸ್ತಿ, ಹಾಕಿದ್ದು ಬೇಗ ಕರಗಿಹೋಗುತ್ತೆ.

ಹಾಗಾದರೆ ಉಳಲೇಬಾರದೇ?

ಹಾಗಲ್ಲ. ಉಳದೆ ಬಿತ್ತುವ ಪದ್ಧತಿಯನ್ನು ಕೆಲವು ದೇಶಗಳಲ್ಲಿ ಮಾಡುತ್ತಾರೆ. ಅದರಿಂದ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಇಂಗಾಲ ಹೆಚ್ಚಿಗೆ ಉಳಿಯುತ್ತೆ. ಆದರೆ ಆಳಕ್ಕೆ ಅಗೆದು ನೋಡಿದರೆ ಒಟ್ಟು ಮೊತ್ತದಲ್ಲಿ ಅಷ್ಟು ವ್ಯತ್ಯಾಸ ಕಾಣದ ಕಡೆಗಳೂ ಇವೆ. ಅಲ್ಲಿ ಬೆಳೆಯ ಕಡ್ಡಿ ಕಸವನ್ನು ಹೊಲದಲ್ಲೇ ಹೊದಿಸಿಬಿಡುತ್ತಾರೆ. ನಮಗೆ ಹಸುವಿಗೆ ರಾಗಿ ಹುಲ್ಲು ಬೇಕೇ ಬೇಕು. ನಮ್ಮ ಕೆಂಪು ಮಣ್ಣು ಮೇಲೆ ಹೆಪ್ಪುಗಟ್ಟುತ್ತೆ. ಒಂದು ಉಳುಮೆ ಮಾಡದಿದ್ದರೆ ಮುಂಗಾರು ನೀರು ಒಳಗೆ ಇಳಿಯಲ್ಲ ಅಂತ ತಾತ ಹೇಳುತ್ತಾರೆ. ಆದ್ದರಿಂದ ಉಳುವುದು ತಪ್ಪಲ್ಲ, ಬೇಕಿಲ್ಲದೆ ಉಳುವುದು ತಪ್ಪು. ಬಾಡಿಗೆ ಟ್ರ್ಯಾಕ್ಟರ್ ಬಂದಿದೆ ಅಂತ ರೋಟವೇಟರಿನಲ್ಲಿ ಮೂರು ಸಲ ಹೊಡೆಸಿ ಮಣ್ಣನ್ನು ಹಿಟ್ಟು ಮಾಡುವುದು ತಪ್ಪು.

ನಾವು ಮಾಡಬಹುದಾದ್ದು:

1) ಉಳುಮೆಯನ್ನು ಇಳಿಜಾರಿಗೆ ಅಡ್ಡಲಾಗಿ, ಬೇಕಾದಷ್ಟೇ ಮಾಡುವುದು.
2) ಕೂಳೆ, ತರಗನ್ನು ಸುಡದಿರುವುದು. ಸುಟ್ಟರೆ ಇಂಗಾಲದ ಜೊತೆ ಸಾರಜನಕವೂ ಹೊಗೆಯಾಗುತ್ತೆ.
3) ಬದುವಿನ ಮೇಲೆ ಗೊಬ್ಬರದ ಗಿಡ, ಹೊಂಗೆ ಬೆಳೆಸಿ ಸೊಪ್ಪು ಕಡಿದು ಹೊಲಕ್ಕೆ ಹಾಕುವುದು.
4) ರಾಗಿಯಲ್ಲಿ ಅವರೆ, ತೊಗರಿ ಅಕ್ಕಡಿ ಸಾಲು ಬಿಡದಿರುವುದು.
5) ತಿಪ್ಪೆಯನ್ನು ಬಿಸಿಲಿಗೆ, ಮಳೆಗೆ ಬಿಡದೆ ಗುಂಡಿಯಲ್ಲಿ ಹಾಕಿ ಮುಚ್ಚುವುದು. ಬೇಸಿಗೆಯಲ್ಲಿ ಕೆರೆ ಗೋಡು ಸಿಕ್ಕರೆ ಹೊಡೆಯುವುದು.

ಕೊನೆಗೆ ಏನಾಯಿತು?

ಭರಣಿ ಮಳೆ ಬಂತು. ಚಿಕ್ಕಪ್ಪ ಟ್ರ್ಯಾಕ್ಟರ್ ಕರೆಸಿದರು. ಆದರೆ ಉಳಿಸಿದ್ದು ಕೆಳಗಿನ ಸಮತಟ್ಟಾದ ಹದಿನೈದು ಗುಂಟೆ ಮಾತ್ರ, ಅದೂ ಒಂದೇ ಸಲ, ಅಡ್ಡಕ್ಕೆ. ಮೇಲಿನ ಇಳಿಜಾರನ್ನು ಹುಲ್ಲಿಗೇ ಬಿಟ್ಟರು. ಹೊಂಗೆ ಮರ ಮುಟ್ಟಲಿಲ್ಲ. "ಹದಿನೈದು ಗುಂಟೇಲಿ ಮೊದಲು ಅವರೆ ತೊಗರಿ ಸೇರಿಸೇ ಬಿತ್ತೋಣ. ಮೂರು ವರ್ಷ ನೋಡ್ತೀನಿ, ನೀನೇ ಲೆಕ್ಕ ಇಡು" ಅಂದರು. ತಾತ ಏನೂ ಅನ್ನಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ಬದುವಿನ ಮೇಲೆ ಕೂತಿದ್ದರು.

ಸಾಲ ಇನ್ನೂ ಹಾಗೇ ಇದೆ. ನಮ್ಮ ತೀರ್ಮಾನ ಸರಿಯೋ ತಪ್ಪೋ ಮೂರು ವರ್ಷ ಆದ ಮೇಲೆ ಗೊತ್ತಾಗಬೇಕು. ಆಗ ನಾನು ಹತ್ತನೇ ತರಗತಿಯಲ್ಲಿರುತ್ತೇನೆ. ಪ್ರತಿ ವರ್ಷ ರಾಗಿ ಕೊಯ್ಲಾದ ಮೇಲೆ ಮೂರು ಲೋಟದ ಪ್ರಯೋಗವನ್ನು ಮತ್ತೆ ಮಾಡಿ ಈ ಗೋಡೆಯ ಮೇಲೆ ಹಾಕಲು ನನ್ನ ತಮ್ಮನಿಗೆ ಹೇಳಿದ್ದೇನೆ. ಅವನು ಈಗ ನಾಲ್ಕನೇ ತರಗತಿ.

ಮಿತ್ರರೇ, ನೀವೂ ಇವತ್ತು ಮನೆಗೆ ಹೋಗಿ ಟ್ರಂಕಿನಲ್ಲಿರುವ ಕಾರ್ಡು ತೆಗೆದು ನೋಡಿ. ನಿಮ್ಮ ಹೊಲದ ಇಂಗಾಲ ಎಷ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದು ತಂದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ನಮ್ಮ ಊರಿನದೇ ಒಂದು ಪಟ್ಟಿ ಮಾಡೋಣ. ಹೆಸರು ಬರೆಯುವುದು ಬೇಡ, ಹೊಲ ಯಾವ ದಿಕ್ಕಿಗೆ ಇದೆ, ಏನು ಬೆಳೆ ಅಂತ ಬರೆದರೆ ಸಾಕು. ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ